ಓವಲ್ ವಜ್ರ ಆರಿಸೋವಾಗ ಕಟ್ ಚೆನ್ನಾಗಿದೆಯಾ ಅಂತ ಕಣ್ಣಲ್ಲೇ ಅಳೆಯೋದು ಹೇಗೆ

ಓವಲ್ ಶೇಪ್ ವಜ್ರ ಹುಡುಕೋಕೆ ಶುರು ಮಾಡಿದವರಿಗೆಲ್ಲ ಮೊದಲು ಎದುರಾಗೋ ಗೊಂದಲ ಒಂದೇ. ಸರ್ಟಿಫಿಕೇಟ್ ತೆಗೆದು ನೋಡಿದ್ರೆ ಕಲರ್ ಇರತ್ತೆ, ಕ್ಲಾರಿಟಿ ಇರತ್ತೆ, ಕ್ಯಾರೆಟ್ ತೂಕ ಇರತ್ತೆ, ಆದ್ರೆ ಕಟ್, ಅಂದ್ರೆ ಕಲ್ಲನ್ನ ಎಷ್ಟು ಚೆನ್ನಾಗಿ ಕತ್ತರಿಸಿದಾರೆ ಅನ್ನೋ ಸಾಲು ಹೆಚ್ಚಿನ ರಿಪೋರ್ಟ್‌ಗಳಲ್ಲಿ ಕಾಣೋದೇ ಇಲ್ಲ. ರೌಂಡ್ ವಜ್ರಕ್ಕೆ ಜಿಐಎ ಅನ್ನೋ ವಜ್ರ ಪರೀಕ್ಷಿಸಿ ರಿಪೋರ್ಟ್ ಕೊಡೋ ಸಂಸ್ಥೆ 2006ರಿಂದ ಎಕ್ಸಲೆಂಟ್‌ನಿಂದ ಪೂರ್ ತನಕ ಐದು ಹಂತದ ಕಟ್ ಗ್ರೇಡ್ ಕೊಡ್ತಾ ಬಂದಿದೆ, ಓವಲ್‌ಗೆ ನಮ್ಮ ಕೈಗೆ ಬರೋ ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ಪಾಲಿಶ್ ಮತ್ತು ಸಿಮೆಟ್ರಿ ಎರಡೇ ಇರತ್ತೆ. ಮಾರೋರು ಅದನ್ನೇ "ಡಬಲ್ ಎಕ್ಸಲೆಂಟ್" ಅಂತ ಹೇಳ್ತಾರೆ, ನಾವು ಕಟ್ಟೇ ಎಕ್ಸಲೆಂಟ್ ಅಂದ್ಕೊಂಡು ಬಿಡ್ತೀವಿ. ಪಾಲಿಶ್ ಅಂದ್ರೆ ಮೇಲ್ಮೈ ಎಷ್ಟು ನುಣುಪಾಗಿದೆ ಅನ್ನೋದು, ಸಿಮೆಟ್ರಿ ಅಂದ್ರೆ ಫ್ಯಾಸೆಟ್‌ಗಳು (ಕತ್ತರಿಸಿ ಮಾಡಿದ ಸಣ್ಣ ಚಪ್ಪಟೆ ಮುಖಗಳು) ಸರಿಯಾದ ಜಾಗದಲ್ಲಿ ಸೇರಿವೆಯಾ, ಆಕಾರ ಎರಡೂ ಕಡೆ ಸರಿಸಮ ಇದೆಯಾ ಅನ್ನೋದು. ಒಳಗೆ ಹೋದ ಬೆಳಕು ವಾಪಸ್ ನಮ್ಮ ಕಣ್ಣಿಗೆ ಬರತ್ತೋ ಇಲ್ವೋ ಅನ್ನೋ ಅಸಲಿ ವಿಷಯ ಈ ಎರಡರಲ್ಲೂ ಇಲ್ಲ.

ಇದು ನನಗೆ ಗೊತ್ತಾಗಿದ್ದು ನಮ್ಮ ಅಕ್ಕನ ಉಂಗುರಕ್ಕೆ ಕಲ್ಲು ತಗೊಂಡಾಗ. ಪೇಪರ್ ಮೇಲೆ ಎಲ್ಲಾ ಸರಿ ಇತ್ತು, ಎರಡೂ ಎಕ್ಸಲೆಂಟ್, ಕಲರ್ ಜಿ, ಕ್ಲಾರಿಟಿ ವಿಎಸ್, ಅಂಗಡಿ ಲೈಟಲ್ಲಿ ಫಳಫಳ ಅಂತ ಹೊಳೀತಿತ್ತು, ಮನೆಗೆ ತಂದು ಬೆಳಿಗ್ಗೆ ಕಿಟಕಿ ಹತ್ರ ಹಿಡಿದ್ರೆ ನಟ್ಟನಡುವೆ ಎಡದಿಂದ ಬಲಕ್ಕೆ ಒಂದು ಕಪ್ಪು ಪಟ್ಟಿ, ಹೇಗೆ ತಿರುಗಿಸಿದ್ರೂ ಹೋಗಲ್ಲ. ಅಕ್ಕ ಏನೂ ಹೇಳ್ಲಿಲ್ಲ, ಆದ್ರೆ ಅವಳು ಪದೇ ಪದೇ ಬೆರಳು ತಿರುಗಿಸಿ ನೋಡ್ಕೊಳ್ಳೋದು ನೋಡಿ ನನಗೆ ತುಂಬಾ ಬೇಜಾರಾಯ್ತು. ಆಮೇಲೆ ಕೂತು ಕಲಿತೆ, ಎಷ್ಟೋ ಓವಲ್‌ಗಳನ್ನ ಅಕ್ಕಪಕ್ಕ ಇಟ್ಟು ನೋಡಿದೆ. ಅಲ್ಲಿ ಕಲಿತಿದ್ದನ್ನೇ ಇಲ್ಲಿ ಬರೀತಿದೀನಿ.

ಓವಲ್‌ಗೆ ಕಟ್ ಗ್ರೇಡ್ ಕೊಡೋದು ಯಾಕೆ ಕಷ್ಟ ಅನ್ನೋದು ಮೊದಲು ಅರ್ಥ ಆದ್ರೆ ಉಳಿದಿದ್ದೆಲ್ಲ ಸುಲಭ. ರೌಂಡ್ ಕಲ್ಲಲ್ಲಿ ಕೆಳಗಿನ ತುದಿಯಿಂದ ಅಂಚಿನ ತನಕ ಸುತ್ತಲೂ ಒಂದೇ ದೂರ, ಅದಕ್ಕೆ ಕೆಳಭಾಗದ ಇಳಿಜಾರು, ಅಂದ್ರೆ ಪೆವಿಲಿಯನ್ ಆಂಗಲ್, ಎಲ್ಲಾ ಕಡೆ ಒಂದೇ ಇಡಬಹುದು. 1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ಲೆಕ್ಕ ಹಾಕಿ ತೋರಿಸಿದ್ದು ಈ ರೌಂಡ್‌ಗೇ, ಪೆವಿಲಿಯನ್ 41 ಡಿಗ್ರಿ ಹತ್ತಿರ ಇರ್ಬೇಕು ಅಂತ. ಓವಲ್‌ನಲ್ಲಿ ಕೆಳಗಿನ ತುದಿ ಒಂದೇ, ಆಳ ಒಂದೇ, ಆದ್ರೆ ಅಲ್ಲಿಂದ ಉದ್ದದ ತುದಿಗೆ ದೂರ ಜಾಸ್ತಿ, ಪಕ್ಕದ ಅಂಚಿಗೆ ದೂರ ಕಮ್ಮಿ. ಹಾಗಾಗಿ ಉದ್ದದ ಕಡೆ ಇಳಿಜಾರು ಚಪ್ಪಟೆ ಆಗತ್ತೆ, ಅಗಲದ ಕಡೆ ಕಡಿದಾಗತ್ತೆ. ಒಂದೇ ಕಲ್ಲಲ್ಲಿ ಹತ್ತಾರು ಬೇರೆ ಬೇರೆ ಆಂಗಲ್. ವಜ್ರದ ವಕ್ರೀಭವನ ಸೂಚ್ಯಂಕ 2.417, ಅಂದ್ರೆ ಒಳಗೆ ಹೋದ ಬೆಳಕು ಒಂದು ಫ್ಯಾಸೆಟ್‌ಗೆ ಸುಮಾರು 24.4 ಡಿಗ್ರಿಗಿಂತ ಓರೆಯಾಗಿ ಬಡಿದ್ರೆ ಪೂರ್ತಿ ಪ್ರತಿಫಲಿಸತ್ತೆ, ಅದಕ್ಕಿಂತ ನೇರವಾಗಿ ಬಡಿದ್ರೆ ಹೆಚ್ಚಿನ ಪಾಲು ಹೊರಗೆ ಸೋರಿ ಹೋಗತ್ತೆ. ಇಷ್ಟೊಂದು ಆಂಗಲ್‌ನಲ್ಲಿ ಎಲ್ಲೂ ಸೋರದ ಹಾಗೆ, ಎಲ್ಲೂ ಕಪ್ಪಾಗದ ಹಾಗೆ ಕತ್ತರಿಸೋದು ಕಟ್ಟರ್‌ನ ಕೈಚಳಕ. ಅದಕ್ಕೇ ಎರಡು ಓವಲ್‌ಗಳ ನಂಬರ್ ಎಲ್ಲಾ ಒಂದೇ ಇದ್ರೂ ಒಂದು ಜೀವಂತ, ಇನ್ನೊಂದು ಸಪ್ಪೆ ಇರತ್ತೆ.

ಈಗ ಬೋ-ಟೈ ವಿಷಯ. ಓವಲ್ ಅಂದ್ರೆ ನಾನು ಅರ್ಧ ಹೊತ್ತು ನೋಡೋದು ಇದನ್ನೇ. ಕಲ್ಲಿನ ನಡುವೆ ಅಗಲದ ಉದ್ದಕ್ಕೆ ಎರಡು ಕಪ್ಪು ತ್ರಿಕೋನ ತುದಿಗೆ ತುದಿ ತಾಗಿಸಿದ ಹಾಗೆ ಕಾಣತ್ತಲ್ಲ, ಅದೇ. ಬಹಳಷ್ಟು ಜನ ಇದನ್ನ ಕಲ್ಲಿನೊಳಗಿನ ಕಲೆ ಅಂದ್ಕೋತಾರೆ, ಕಲೆ ಅಲ್ಲ. ನೀವು ಕಲ್ಲನ್ನ ನೇರ ಮೇಲಿಂದ ನೋಡ್ತಿದ್ದಾಗ ಆ ಜಾಗದ ಫ್ಯಾಸೆಟ್‌ಗಳು ಬೆಳಕನ್ನ ಎತ್ತಿಕೊಳ್ಳೋದು ನಿಮ್ಮ ತಲೆ ಇರೋ ದಿಕ್ಕಿನಿಂದಲೇ, ತಲೆ ಬೆಳಕನ್ನ ತಡೀತಿದೆ, ಹಾಗಾಗಿ ನಿಮ್ಮ ತಲೆಯ ಕತ್ತಲೆಯೇ ಅಲ್ಲಿ ಕಾಣೋದು. ಹತ್ರ ಬಗ್ಗಿ ನೋಡಿದಷ್ಟೂ ತಲೆ ಜಾಸ್ತಿ ಬೆಳಕು ಮುಚ್ಚತ್ತೆ, ಬೋ-ಟೈ ದೊಡ್ಡದಾಗತ್ತೆ, ದೂರ ಹಿಡಿದ್ರೆ ಚಿಕ್ಕದಾಗತ್ತೆ.

ಸ್ವಲ್ಪನಾದ್ರೂ ಬೋ-ಟೈ ಇಲ್ಲದ ಓವಲ್ ಸಿಗೋದು ಅಪರೂಪ, ಹಾಗಂತ ಹೆದರ್ಕೋಬೇಡಿ. ಪ್ರಶ್ನೆ ಇದೆಯಾ ಇಲ್ವಾ ಅನ್ನೋದಲ್ಲ, ಅದು ಅಲುಗಾಡತ್ತಾ ಇಲ್ವಾ ಅನ್ನೋದು. ಕಲ್ಲನ್ನ ಸ್ವಲ್ಪ ಓರೆ ಮಾಡಿದ ತಕ್ಷಣ ಕಪ್ಪು ಒಡೆದು ಬೆಳ್ಳಗೆ ಮಿಂಚಿ, ಇನ್ನೊಂದು ಕಡೆ ಕಪ್ಪಾಗಿ, ಮತ್ತೆ ಮಿಂಚಿದ್ರೆ ಅದು ಒಳ್ಳೇದು, ಆ ಕಪ್ಪು-ಬಿಳುಪಿನ ಆಟದಿಂದಲೇ ಕಲ್ಲು ಮಿಣುಕೋದು, ನಾನಂತೂ ಅಂಥ ಕಲ್ಲನ್ನೇ ಇಷ್ಟಪಡ್ತೀನಿ. ಓರೆ ಮಾಡಿದ್ರೂ, ತಲೆ ಪಕ್ಕಕ್ಕೆ ಸರಿಸಿದ್ರೂ, ದೂರ ಹಿಡಿದ್ರೂ ಕಪ್ಪು ಪಟ್ಟಿ ಅಲ್ಲೇ ಕೂತಿದ್ರೆ ಆ ಕಲ್ಲನ್ನ ವಾಪಸ್ ಕೊಟ್ಟುಬಿಡಿ, ಬೇರೆ ಏನು ಚೆನ್ನಾಗಿದ್ರೂ ಸರಿ. ಅಕ್ಕನ ಕಲ್ಲಲ್ಲಿ ಇದ್ದಿದ್ದು ಅದೇ.

ಇನ್ನೊಂದು ತರದ ಬೋ-ಟೈ ಇದೆ, ಅದು ತಲೆಯ ಕತ್ತಲೆ ಅಲ್ಲ, ಸೋರಿಕೆ. ಅಲ್ಲಿ ಬೆಳಕು ಹಿಂದಿನಿಂದ ಹೊರಗೆ ಹೋಗ್ತಿರತ್ತೆ, ಅಂದ್ರೆ ನೀವು ಕಲ್ಲಿನ ಮೂಲಕ ಅದರ ಹಿಂದೆ ಇರೋದನ್ನ ನೋಡ್ತಿರ್ತೀರ. ಇದನ್ನ ಕಂಡುಹಿಡಿಯೋಕೆ ಸುಲಭದ ದಾರಿ ಅಂದ್ರೆ ಕಲ್ಲನ್ನ ಚಿಮಟದಲ್ಲಿ ಮುಖ ಮೇಲೆ ಮಾಡಿ ಹಿಡಿದು ಕೆಳಗಡೆ ಕಡುಕೆಂಪು ಅಥವಾ ಕಡುಹಸಿರು ಕಾಗದ ತೂರಿಸಿ, ನಡುವಿನ ಪಟ್ಟಿಗೆ ಆ ಬಣ್ಣ ಬಂದ್ರೆ ಸೋರಿಕೆ, ಬಣ್ಣ ಬರದೆ ಕಪ್ಪಾಗೇ ಇದ್ರೆ ಅದು ತಲೆ ಅಡ್ಡ ಬಂದಿರೋದು. ಅಚ್ಚಾದ ಕಾಗದದ ಮೇಲೂ ಹಾಗೇ ಹಿಡಿದು ನೋಡಿ, ಅಕ್ಷರದ ಗೀಟುಗಳು ನಡುವೆ ಕಂಡ್ರೆ ಕಲ್ಲು ತೀರಾ ಚಪ್ಪಟೆ ಅಂತ. ಅಂಥ ಕಲ್ಲು ಬೆರಳಿಗೆ ಹಾಕ್ಕೊಂಡಾಗ ನಡುವೆ ಗಾಜಿನ ಕಿಟಕಿ ತರ, ಚರ್ಮದ ಬಣ್ಣ ಕಾಣತ್ತೆ, ಅದಕ್ಕೆ ಔಷಧಿ ಇಲ್ಲ.

ನೋಡೋ ರೀತಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ತಪ್ಪಾಗೋದು ಇಲ್ಲೇ. ಮೊದಲು ಕಲ್ಲು ಒರೆಸಿಸಿ, ಬೆರಳಿನ ಎಣ್ಣೆ ಹಿಂಭಾಗಕ್ಕೆ ಅಂಟಿದ್ರೆ ಬೆಳಕು ಅಲ್ಲೇ ಸೋರಿ ಎಂಥಾ ಒಳ್ಳೆ ಕಲ್ಲೂ ಮಂಕಾಗತ್ತೆ, ಎಷ್ಟೋ ಸಲ ಒಳ್ಳೇದನ್ನ ಹೀಗೇ ಬಿಟ್ಟುಬಿಡ್ತೀವಿ. ಆಮೇಲೆ ಬೆಳಕು. ಅಂಗಡಿಯಲ್ಲಿ ತಲೆ ಮೇಲೆ ಚಿಕ್ಕ ಚಿಕ್ಕ ಸ್ಪಾಟ್‌ಲೈಟ್ ಇರತ್ತಲ್ಲ, ಅದರ ಕೆಳಗೆ ಯಾವ ವಜ್ರವಾದ್ರೂ ಕಿಡಿ ಹಾರಿಸತ್ತೆ, ಕಟ್ ಕೆಟ್ಟಿರೋದೂ ಗೊತ್ತಾಗಲ್ಲ. ಅಲ್ಲಿ ನೋಡಿ ಖುಷಿಪಡಿ, ಆದ್ರೆ ತೀರ್ಮಾನ ಮಾಡ್ಬೇಡಿ. ಕಿಟಕಿ ಹತ್ರ ಬಿಸಿಲು ನೇರ ಬೀಳದ ಜಾಗ, ಆಫೀಸ್ ಟ್ಯೂಬ್‌ಲೈಟ್ ತರದ ಹರಡಿದ ಬೆಳಕು, ಸ್ವಲ್ಪ ಮಬ್ಬಾದ ಮೂಲೆ, ಈ ಮೂರು ಕಡೆ ನೋಡ್ಲೇಬೇಕು, ಉಂಗುರ ಹಾಕ್ಕೊಂಡವರು ದಿನದ ಬಹುಪಾಲು ಇರೋದು ಅಂಥ ಬೆಳಕಲ್ಲೇ. ಮಬ್ಬಲ್ಲೂ ತುದಿಯಿಂದ ತುದಿಗೆ ಬೆಳ್ಳಗೆ ಕಂಡ್ರೆ ಆ ಕಲ್ಲಿನ ಕಟ್ ನಿಜವಾಗಿ ಚೆನ್ನಾಗಿದೆ. ದೂರ ಸುಮಾರು 30 ಸೆಂಟಿಮೀಟರ್ ಇಟ್ಕೊಳ್ಳಿ, ಆಮೇಲೆ ಕೈ ಚಾಚಿ ನೋಡಿ. ನಿಧಾನಕ್ಕೆ ಉದ್ದದ ದಿಕ್ಕಲ್ಲಿ ಓರೆ ಮಾಡಿ, ಆಮೇಲೆ ಅಗಲದ ದಿಕ್ಕಲ್ಲಿ. ಎರಡು ತುದಿ ನೋಡೋದು ಮರೀಬೇಡಿ, ನಡುಭಾಗ ಮಾತ್ರ ಮಿಂಚಿ ತುದಿಗಳು ಬೂದು ಬಣ್ಣಕ್ಕೆ ಸತ್ತಂಗೆ ಇರೋ ಓವಲ್ ತುಂಬಾ ಸಿಗತ್ತೆ, ಅಂಥದ್ದು ದೂರದಿಂದ ಇರೋದಕ್ಕಿಂತ ಚಿಕ್ಕದಾಗಿ ಕಾಣತ್ತೆ.

ಮತ್ತೆ ಒಂದೇ ಕಲ್ಲು ನೋಡಿ ಹೇಳೋದು ಕಷ್ಟ ಸ್ವಾಮಿ, ಒಂದನ್ನೇ ನೋಡಿದ್ರೆ ಎಲ್ಲವೂ ಚೆಂದ. ಮೂರು ಕಲ್ಲು ಪಕ್ಕಪಕ್ಕ ಇಡಿಸಿ, ಕಾಗದ ನೋಡ್ಬೇಡಿ, ಕಣ್ಣು ಪದೇ ಪದೇ ಯಾವುದಕ್ಕೆ ಹೋಗತ್ತೆ ನೋಡ್ಕೊಳ್ಳಿ, ಆಮೇಲೆ ಕಾಗದ ತೆಗೀರಿ.

ಆಕಾರ, ಅಂದ್ರೆ ಔಟ್‌ಲೈನ್, ಇದೂ ಕಟ್ಟಿನ ಭಾಗವೇ. ಸಿಮೆಟ್ರಿ ಎಕ್ಸಲೆಂಟ್ ಇದ್ದ ಮಾತ್ರಕ್ಕೆ ಆಕಾರ ಚೆಂದ ಅಂತ ಅಲ್ಲ. ಕಲ್ಲನ್ನ ಬಿಳಿ ಕಾಗದದ ಮೇಲೆ ಇಟ್ಟು ನೇರ ಮೇಲಿಂದ ನೋಡಿ, ಮನಸ್ಸಲ್ಲೇ ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೀರಿ, ನಾಲ್ಕು ಕಾಲು ಭಾಗವೂ ಒಂದೇ ತರ ಇರ್ಬೇಕು. ಸಾಮಾನ್ಯವಾಗಿ ಕೆಡೋದು ಹೆಗಲಲ್ಲಿ: ಹೆಗಲು ತುಂಬಿಕೊಂಡಿದ್ರೆ ಕಲ್ಲು ಮೂಲೆ ಉಜ್ಜಿದ ಆಯತದ ತರ ಕಾಣತ್ತೆ, ಹೆಗಲು ಬತ್ತಿದ್ರೆ ತುದಿ ಚೂಪಾಗಿ ಮಾರ್ಕೀಸ್ (ಎರಡೂ ತುದಿ ಚೂಪಿರೋ ಆಕಾರ) ಕಡೆಗೆ ವಾಲತ್ತೆ, ಪಕ್ಕದ ಅಂಚು ಬಾಗದೆ ನೇರ ಇದ್ರೆ ಹೊಟ್ಟೆ ಒತ್ತಿದ ಹಾಗೆ. ಒಂದು ತುದಿ ದಪ್ಪ ಇನ್ನೊಂದು ಸಣ್ಣ ಇದ್ರೆ ಮೊಟ್ಟೆ ಆಕಾರ, ಇದು ಕಲ್ಲು ಬಿಡಿಯಾಗಿದ್ದಾಗ ಅಷ್ಟು ಗೊತ್ತಾಗಲ್ಲ, ಉಂಗುರಕ್ಕೆ ಕೂತ ಮೇಲೆ ಸೊಟ್ಟಗೆ ಕೂರಿಸಿದಾರೆ ಅನ್ನಿಸತ್ತೆ. ಬಾಗು ಎಲ್ಲೂ ಮುರೀದೆ ಒಂದೇ ಓಟದಲ್ಲಿ ಸುತ್ತಿ ಬಂದಿದ್ರೆ ಅದು ಓವಲ್.

ಉದ್ದ-ಅಗಲದ ರೇಶಿಯೋ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸ್ಕೋತಾರೆ. ಉದ್ದವನ್ನ ಅಗಲದಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅದು, 9 ಮಿಲಿಮೀಟರ್ ಉದ್ದ 6.4 ಅಗಲ ಅಂದ್ರೆ 1.41. 1.30ಕ್ಕಿಂತ ಕೆಳಗೆ ಬಂದ್ರೆ ರೌಂಡೂ ಅಲ್ಲ ಓವಲ್ಲೂ ಅಲ್ಲ ಅನ್ನಿಸತ್ತೆ, 1.35ರಿಂದ 1.45 ಬಹಳ ಜನರಿಗೆ ಹಿಡಿಸತ್ತೆ, 1.50 ದಾಟಿದ್ರೆ ತೆಳ್ಳಗೆ ಉದ್ದ, ಬೆರಳೂ ಉದ್ದ ಕಾಣತ್ತೆ. ಉದ್ದ ಜಾಸ್ತಿ ಆದಷ್ಟೂ ಆಗಲೇ ಹೇಳಿದ ಇಳಿಜಾರಿನ ವ್ಯತ್ಯಾಸ ಜಾಸ್ತಿ, ಹಾಗಾಗಿ ಬೋ-ಟೈ ಗಟ್ಟಿ ಆಗೋ ಸಾಧ್ಯತೆನೂ ಜಾಸ್ತಿ, ಉದ್ದನೆಯದೇ ಬೇಕು ಅನ್ನೋರು ಅಲ್ಲಿ ಇನ್ನೂ ಹುಷಾರಾಗಿ ನೋಡ್ಬೇಕು. ಇದರಾಚೆ ಇದು ನಿಮ್ಮ ಇಷ್ಟ.

ಡೆಪ್ತ್ (ಕಲ್ಲಿನ ಒಟ್ಟು ಆಳ) ಮತ್ತೆ ಟೇಬಲ್ (ಮೇಲಿನ ದೊಡ್ಡ ಚಪ್ಪಟೆ ಫ್ಯಾಸೆಟ್) ಪರ್ಸೆಂಟೇಜ್ ಅನ್ನ ನಾನು ಜರಡಿ ತರ ಮಾತ್ರ ಬಳಸ್ತೀನಿ. ಓವಲ್‌ನಲ್ಲಿ ಡೆಪ್ತ್ ಲೆಕ್ಕ ಹಾಕೋದು ಅಗಲದ ಮೇಲೆ, ಉದ್ದದ ಮೇಲಲ್ಲ. 58ರಿಂದ 65 ಡೆಪ್ತ್, 53ರಿಂದ 63 ಟೇಬಲ್, ಇದರೊಳಗೆ ಇರೋದನ್ನ ಮೊದಲು ನೋಡ್ತೀನಿ, ಸ್ವಲ್ಪ ಆಚೆ ಇದ್ದು ಕಣ್ಣಿಗೆ ಚೆನ್ನಾಗಿದ್ರೆ ಬಿಡಲ್ಲ, ಒಳಗೆ ಇದ್ದು ಸಪ್ಪೆ ಇದ್ರೆ ತಗೊಳ್ಳಲ್ಲ. ಯಾಕಂದ್ರೆ ಈ ಎರಡು ನಂಬರ್‌ನಿಂದ ಮೇಲ್ಭಾಗ ಎಷ್ಟು, ಕೆಳಭಾಗ ಎಷ್ಟು ಅಂತ ಗೊತ್ತಾಗಲ್ಲ. ಒಟ್ಟು ಡೆಪ್ತ್ 62 ಇದ್ದು ಕ್ರೌನ್ (ಮೇಲ್ಭಾಗ) ಚಪ್ಪಟೆ, ಹೊಟ್ಟೆ ಆಳ ಇರೋ ಕಲ್ಲೂ ಇರತ್ತೆ, ಕ್ರೌನ್ ಎತ್ತರ ಇದ್ದು ಬಣ್ಣದ ಕಿಡಿ ಚೆನ್ನಾಗಿ ಹಾರಿಸೋ ಕಲ್ಲೂ ಇರತ್ತೆ, ಕಾಗದದಲ್ಲಿ ಎರಡೂ 62. ಕಲ್ಲನ್ನ ಪಕ್ಕದಿಂದ ನೋಡಿದ್ರೆ ಇದು ಕಾಣತ್ತೆ, ಪಕ್ಕದಿಂದ ನೋಡೋದನ್ನ ಯಾರೂ ಮಾಡಲ್ಲ, ಮಾಡಿ.

ಡೆಪ್ತ್ ನಿಜವಾಗಿ ಕೆಲಸಕ್ಕೆ ಬರೋದು ತೂಕ ಎಲ್ಲಿ ಕೂತಿದೆ ಅಂತ ತಿಳಿಯೋಕೆ. ಒಂದು ಕ್ಯಾರೆಟ್ ಅಂದ್ರೆ 0.2 ಗ್ರಾಂ, ಅದು ಅಗಲಕ್ಕೆ ಹರಡಿರಬಹುದು, ಕೆಳಗೆ ಹೊಟ್ಟೆಯಲ್ಲಿ ಅಡಗಿರಬಹುದು, ದುಡ್ಡು ಕೊಡೋದು ಮಾತ್ರ ತೂಕಕ್ಕೆ. ಉದಾಹರಣೆಗೆ ಎರಡು ಕಲ್ಲು, ಎರಡೂ ಹತ್ತಿರತ್ತಿರ ಒಂದು ಕ್ಯಾರೆಟ್. ಮೊದಲನೇದು 7.9 ಉದ್ದ, 5.8 ಅಗಲ, 3.4 ಆಳ, ಡೆಪ್ತ್ 58.6%. ಎರಡನೇದು 7.2 ಉದ್ದ, 5.4 ಅಗಲ, 3.9 ಆಳ, ಡೆಪ್ತ್ 72.2%, ಗರ್ಡಲ್ (ಸುತ್ತಲಿನ ಅಂಚು) ದಪ್ಪ. ಮೇಲಿಂದ ಕಾಣೋ ವಿಸ್ತೀರ್ಣ ಬೇಕಂದ್ರೆ ಉದ್ದ ಇಂಟು ಅಗಲ ಇಂಟು 0.785 ಮಾಡಿ, ಮೊದಲನೇದು ಸುಮಾರು 36 ಚದರ ಮಿಲಿಮೀಟರ್, ಎರಡನೇದು 30.5. ಒಂದೇ ತೂಕ, ಆದ್ರೆ ಕಣ್ಣಿಗೆ ಮೊದಲನೇದು ಹತ್ತಿರ ಹತ್ತಿರ 18% ದೊಡ್ಡದು. ಸಾಮಾನ್ಯವಾಗಿ ಒಂದು ಕ್ಯಾರೆಟ್ ಓವಲ್ ಅಂದ್ರೆ 7.7 ಇಂಟು 5.7 ಆಸುಪಾಸು ಇರತ್ತೆ, ಅದಕ್ಕಿಂತ ತುಂಬಾ ಚಿಕ್ಕದಿದ್ರೆ ತೂಕ ಎಲ್ಲಿ ಹೋಯ್ತು ಅಂತ ಕೇಳಿ. ತುಂಬಾ ದೊಡ್ಡದಿದ್ರೂ ಕುಣಿದಾಡ್ಬೇಡಿ, ತೀರಾ ಹರಡಿದ ಕಲ್ಲು ಚಪ್ಪಟೆ ಆಗಿ ನಡುವೆ ಸೋರತ್ತೆ, ಕೆಂಪು ಕಾಗದದ ಪರೀಕ್ಷೆ ಮತ್ತೆ ಮಾಡಿ.

ಗರ್ಡಲ್ ಅಂದ್ರೆ ಮೇಲ್ಭಾಗ ಕೆಳಭಾಗ ಸೇರೋ ಅಂಚು. ಥಿನ್‌ನಿಂದ ಸ್ಲೈಟ್ಲಿ ಥಿಕ್ ತನಕ ಸರಿ, ಓವಲ್‌ನಲ್ಲಿ ಸುತ್ತ ಒಂದೇ ಸಮ ಇರಲ್ಲ, ಸ್ವಲ್ಪ ಹೆಚ್ಚುಕಮ್ಮಿ ಸಹಜ. ವೆರಿ ಥಿಕ್ ಅಂತ ಬರೆದಿದ್ರೆ ತೂಕ ಅಲ್ಲಿ ಅಡಗಿದೆ, ಎಕ್ಸ್‌ಟ್ರೀಮ್ಲಿ ಥಿನ್ ಅಂದ್ರೆ ಉಂಗುರಕ್ಕೆ ಕಟ್ಟೋವಾಗ ಅಥವಾ ಎಲ್ಲಾದ್ರೂ ತಗುಲಿದಾಗ ಚಕ್ಕೆ ಏಳಬಹುದು, ಅದೂ ಎರಡು ತುದಿಯಲ್ಲಿ ತೆಳ್ಳಗಿದ್ರೆ ಬೇಡ. ಕ್ಯುಲೆಟ್, ಅಂದ್ರೆ ಕೆಳಗಿನ ತುದಿ, ರಿಪೋರ್ಟ್‌ನಲ್ಲಿ ನನ್ (None) ಅಂತಿರಲಿ, ಮತ್ತೆ ಆ ತುದಿ ನಟ್ಟನಡುವೆ ಇದೆಯಾ ಅಂತ ಟೇಬಲ್ ಮೂಲಕ ಒಮ್ಮೆ ನೋಡಿ, ಒಂದು ಕಡೆ ಸರಿದಿದ್ರೆ ಮಿಂಚೂ ಒಂದೇ ಕಡೆಗೆ ವಾಲಿರತ್ತೆ.

ಇನ್ನು ಹೊಳಪಿನ ಬಗೆ. ಕೆಲವು ಓವಲ್‌ನಲ್ಲಿ ದೊಡ್ಡ ದೊಡ್ಡ ಫ್ಯಾಸೆಟ್ ಸ್ಪಷ್ಟ ಕಾಣತ್ತೆ, ಅಲ್ಲಾಡಿಸಿದ್ರೆ ಅಗಲವಾದ ಮಿಂಚು ಬರತ್ತೆ. ಇನ್ನು ಕೆಲವು ಪುಡಿ ಮಾಡಿದ ಐಸ್ ತರ, ಸಾವಿರ ಸಣ್ಣ ಚುಕ್ಕಿ, ಇದನ್ನ ಕ್ರಶ್ಡ್ ಐಸ್ ಅಂತಾರೆ. ಹಿಂಭಾಗದ ಮುಖ್ಯ ಫ್ಯಾಸೆಟ್‌ಗಳನ್ನ ನಾಲ್ಕು, ಆರು ಅಥವಾ ಎಂಟು ಇಡ್ತಾರೆ, ಅದು ಮತ್ತು ಅವುಗಳ ಆಂಗಲ್ ಸೇರಿ ಈ ಬಗೆ ತೀರ್ಮಾನ ಆಗತ್ತೆ. ಯಾವುದು ಮೇಲು ಅಂತ ಇಲ್ಲ, ಆದ್ರೆ ಕ್ರಶ್ಡ್ ಐಸ್ ಅನ್ನೋ ಹೆಸರಲ್ಲಿ ಮಸುಕಾದ ಕಲ್ಲೂ ಮಾರಾಟ ಆಗತ್ತೆ, ಬೋ-ಟೈಯೇ ಇಲ್ಲ ನೋಡಿ ಅಂತ ತೋರಿಸ್ತಾರೆ, ಇಲ್ಲ ನಿಜ, ಆದ್ರೆ ಎಲ್ಲಾ ಕಡೆ ಸಣ್ಣಸಣ್ಣ ಸೋರಿಕೆಯಿಂದ ಪೂರ್ತಿ ಕಲ್ಲೇ ಬೂದಿ ಬಣ್ಣ. ಚುಕ್ಕಿ ಒಂದೊಂದೂ ಚುರುಕಾಗಿ ಹತ್ತಿ ಆರ್ತಿರಬೇಕು, ಒದ್ದೆ ಗಾಜಿನ ಹಿಂದೆ ಇದ್ದ ಹಾಗೆ ಇರಬಾರದು. ಅರ್ಧ ಕ್ಯಾರೆಟ್ ಸುತ್ತಮುತ್ತಿನ ಚಿಕ್ಕ ಕಲ್ಲಿಗೆ ನಾನು ದೊಡ್ಡ ಫ್ಯಾಸೆಟ್ ಇರೋದನ್ನೇ ಹೇಳ್ತೀನಿ, ಅಷ್ಟು ಚಿಕ್ಕದ್ರಲ್ಲಿ ಸಣ್ಣ ಚುಕ್ಕಿಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣಲ್ಲ.

ಆನ್‌ಲೈನ್ ತಗೊಳ್ಳೋರಿಗೆ ವಿಡಿಯೋ ಇಲ್ಲದ ಓವಲ್ ಬೇಡವೇ ಬೇಡ, ಫೋಟೋ ಸಾಲಲ್ಲ, ಚೆನ್ನಾಗಿ ಕಾಣೋ ಒಂದು ಆಂಗಲ್ ಎಲ್ಲಾ ಕಲ್ಲಿಗೂ ಇರತ್ತೆ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ನೇರ ಮುಖ ಬರೋ ಫ್ರೇಮ್‌ನಿಂದ ಆಚೆ ಈಚೆ ಹೋಗ್ತಾ ನಡುವಿನ ಕಪ್ಪು ಎಷ್ಟು ಬೇಗ ಒಡೆಯತ್ತೆ ಅನ್ನೋದೇ ಮುಖ್ಯ. ಆ ವಿಡಿಯೋ ಸುತ್ತ ಬೆಳಕು ಇಟ್ಟು, ತುಂಬಾ ದೊಡ್ಡದು ಮಾಡಿ ತೆಗೆದಿರ್ತಾರೆ, ತಲೆಯ ಬದಲು ಕ್ಯಾಮೆರಾ ಅಡ್ಡ ಇರತ್ತೆ, ಹಾಗಾಗಿ ನಿಜದ ಬೋ-ಟೈ ಅದಕ್ಕಿಂತ ಜಾಸ್ತಿನೂ ಕಮ್ಮಿನೂ ಇರಬಹುದು. ಆದ್ರಿಂದ ಕೈಯಲ್ಲಿ ಹಿಡಿದು, ಕಿಟಕಿ ಬೆಳಕಲ್ಲಿ ಫೋನ್‌ನಲ್ಲಿ ತೆಗೆದ ಸಾದಾ ವಿಡಿಯೋನೂ ಕೇಳಿ. ಸಿಕ್ಕಿದ್ರೆ ಅಸೆಟ್ (ASET) ಇಮೇಜ್ ಕೇಳಿ, ಕಲ್ಲು ಯಾವ ಎತ್ತರದ ಬೆಳಕನ್ನ ಎತ್ತಿಕೊಳ್ತಿದೆ ಅಂತ ಬಣ್ಣದಲ್ಲಿ ತೋರಿಸೋ ಸಾಧನ ಅದು. ಕೆಂಪು ಅಂದ್ರೆ 45ರಿಂದ 75 ಡಿಗ್ರಿ ಎತ್ತರದ ಒಳ್ಳೆ ಬೆಳಕು, ಹಸಿರು ಅದಕ್ಕಿಂತ ಕೆಳಗಿನ ಪಕ್ಕದ ಬೆಳಕು, ನೀಲಿ ಅಂದ್ರೆ ನೋಡೋರ ತಲೆ ಮುಚ್ಚೋ ಭಾಗ, ಬಿಳಿ ಹಿನ್ನೆಲೆಯಲ್ಲಿ ತೆಗೆದಿದ್ರೆ ಬಿಳಿ ಅಂದ್ರೆ ಸೋರಿಕೆ. ಓವಲ್‌ನಲ್ಲಿ ಕೆಂಪು ಜಾಸ್ತಿ, ನಡುವೆ ಸ್ವಲ್ಪ ನೀಲಿ ಚದುರಿಕೊಂಡು ಇದ್ರೆ ಚಿಂತೆ ಇಲ್ಲ, ನೀಲಿ ಒಂದೇ ಗಟ್ಟಿ ಪಟ್ಟಿ ಆಗಿದ್ರೆ ಅಥವಾ ಬಿಳಿ ತೇಪೆ ಇದ್ರೆ ಮುಂದಿನ ಕಲ್ಲಿಗೆ ಹೋಗಿ. ರೌಂಡ್‌ನ ಚಿತ್ರ ನೋಡಿ ಅಭ್ಯಾಸ ಆಗಿರೋರು ಅಷ್ಟೇ ಅಚ್ಚುಕಟ್ಟು ಕೆಂಪು ಇಲ್ಲಿ ನಿರೀಕ್ಷೆ ಮಾಡ್ಬೇಡಿ, ಸಿಗಲ್ಲ.

ಓವಲ್ ರೌಂಡ್‌ಗಿಂತ ಬಣ್ಣ ಸ್ವಲ್ಪ ಜಾಸ್ತಿ ತೋರಿಸತ್ತೆ, ಅದೂ ತುದಿಗಳಲ್ಲಿ, ಅದಕ್ಕೆ ತುದಿಗಳನ್ನ ಬಿಳಿ ಕಾಗದದ ಮೇಲೂ ನೋಡಿ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಇದೇ ಪರೀಕ್ಷೆ ಎಲ್ಲಾ, ವಸ್ತು ಒಂದೇ, ಬೆಳಕು ನಡೆಯೋ ರೀತಿ ಒಂದೇ, ಅಲ್ಲಿ ಕಟ್ ಕೆಟ್ಟಿರೋ ಕಲ್ಲು ತಗೊಳ್ಳೋಕೆ ಕಾರಣವೇ ಇಲ್ಲ.

ಕೊನೆಗೆ ಆರಿಸಿದ ಮೇಲೆ, ಕಲ್ಲು ಕಟ್ಟೋಕೆ ಕೊಡೋ ಮುಂಚೆ, 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ಗರ್ಡಲ್ ಸುತ್ತ ಒಮ್ಮೆ ನೋಡಿ ಚಕ್ಕೆ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ, ಗರ್ಡಲ್ ಮೇಲೆ ಲೇಸರ್‌ನಲ್ಲಿ ಕೆತ್ತಿದ ನಂಬರ್ ಇದ್ರೆ ರಿಪೋರ್ಟ್ ನಂಬರ್‌ಗೆ ಹೊಂದತ್ತಾ ನೋಡಿ, ವಾಪಸ್ ಕೊಡೋ ಅವಕಾಶ ಎಷ್ಟು ದಿನ ಅಂತ ಬಿಲ್ ಮೇಲೆ ಬರೆಸ್ಕೊಳ್ಳಿ. ಬಿಡಿ ಕಲ್ಲನ್ನೇ ಒಂದು ದಿನ ಮನೆಗೆ ತರೋಕೆ ಬಿಟ್ರೆ ತುಂಬಾ ಒಳ್ಳೇದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿದ ಮೇಲೆ, ಮೂರು ಹೊತ್ತೂ ನೋಡಿ. ಅಕ್ಕನಿಗೆ ಎರಡನೇ ಸಲ ಕಲ್ಲು ಬದಲಾಯಿಸಿದಾಗ ನಾವು ಹಾಗೇ ಮಾಡಿದ್ದು. ಈಗ ಅವಳ ಕೈಯಲ್ಲಿರೋ ಓವಲ್‌ನಲ್ಲೂ ಸಣ್ಣ ಬೋ-ಟೈ ಇದೆ, ಬೆರಳು ಸ್ವಲ್ಪ ಅಲುಗಿದ್ರೆ ಸಾಕು ಬೆಳ್ಳಗೆ ಒಡೆಯತ್ತೆ.